ಬೇಸಿಗೆ ಶಿಬಿರಕ್ಕೆ ಮಕ್ಕಳನ್ನು ಕಳಿಸುವ ಮುಂಚೆ: ಕಾಸರಗೋಡಿನ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಕೊನೆಗೆ ಪರೀಕ್ಷೆ ಮುಗಿಯುತ್ತಿದ್ದಂತೆ ನನಗೆ ಫೋನ್ ಬರಲು ಶುರು. "ಅಕ್ಕ, ಈ ಸಲ ಯಾವ ಶಿಬಿರ ಒಳ್ಳೇದು?" ನಾನು ಶಿಬಿರ ನಡೆಸುವವಳಲ್ಲ. ಬದಿಯಡ್ಕದ ಹತ್ತಿರ ಮನೆ, ಎರಡು ಮಕ್ಕಳು. 2017ರಿಂದ ಈಚೆಗೆ ಇಬ್ಬರದ್ದೂ ಸೇರಿ ಎಂಟು ಶಿಬಿರ ಆಗಿದೆ. ಎರಡು ಬಹಳ ಚೆನ್ನಾಗಿದ್ದವು, ಒಂದು ತೀರಾ ಕೆಟ್ಟದಿತ್ತು, ಉಳಿದವು ಪರವಾಗಿಲ್ಲ. ಎಲ್ಲರಿಗೂ ಹೇಳಿದ್ದನ್ನೇ ಹೇಳಿ ಸಾಕಾಯಿತು, ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಅಜ್ಜನಮನೆ ಇರುವಾಗ ಶಿಬಿರ ಯಾಕೆ?

ಇದು ನನ್ನ ಅತ್ತೆಯ ಪ್ರಶ್ನೆ. ಪ್ರತಿ ವರ್ಷ ಕೇಳುತ್ತಾರೆ. ನಾವು ಚಿಕ್ಕವರಿದ್ದಾಗ ಅಜ್ಜನಮನೆಯಲ್ಲಿ ಹತ್ತು ಹನ್ನೆರಡು ಮಕ್ಕಳು ಸೇರುತ್ತಿದ್ದೆವು. ಗೇರುಬೀಜ ಹೆಕ್ಕುವುದು, ಅಡಿಕೆ ಹಾಳೆಯಲ್ಲಿ ಕೂತು ಎಳೆಸಿಕೊಳ್ಳುವುದು, ಮಧ್ಯಾಹ್ನ ಚಾವಡಿಯಲ್ಲಿ ಚೆನ್ನೆಮಣೆ. ಅದೇ ಶಿಬಿರ, ಫೀಸು ಇಲ್ಲ ಅಷ್ಟೇ. ಈಗ ನನ್ನ ಮಕ್ಕಳು ಅಜ್ಜನಮನೆಗೆ ಹೋದರೆ ಅಲ್ಲಿರುವುದು ಅಜ್ಜ, ಅಜ್ಜಿ, ಒಂದು ನಾಯಿ. ಅಣ್ಣನ ಮಕ್ಕಳು ಬೆಂಗಳೂರಿನಲ್ಲಿ, ತಂಗಿಯ ಮಗಳು ದುಬೈಯಲ್ಲಿ. ಮೂರು ದಿನ ಖುಷಿ, ನಾಲ್ಕನೇ ದಿನ ಮೊಬೈಲ್.

ಹಾಗಂತ ಅಜ್ಜನಮನೆ ಬಿಟ್ಟು ಶಿಬಿರಕ್ಕೆ ಕಳಿಸಿ ಅಂತ ನಾನು ಹೇಳುವುದಿಲ್ಲ. ನಮ್ಮಲ್ಲಿ ರಜೆ ಎರಡು ತಿಂಗಳು. ಎರಡಕ್ಕೂ ಜಾಗ ಉಂಟು. ಅಜ್ಜನಮನೆಯಲ್ಲಿ ನಾಲ್ಕಾರು ಮಕ್ಕಳು ನಿಜವಾಗಿಯೂ ಸೇರುತ್ತಾರೆ ಅಂತಾದರೆ ಮಾತ್ರ ಶಿಬಿರದ ಯೋಚನೆ ಬಿಡಿ. ಅದಕ್ಕಿಂತ ಒಳ್ಳೆಯದು ಎಲ್ಲಿಯೂ ಸಿಗುವುದಿಲ್ಲ.

ಯಾವಾಗ ಹುಡುಕಲು ಶುರುಮಾಡಬೇಕು?

ಮಾರ್ಚ್ ಮಧ್ಯದಲ್ಲಿ. ಗಡಿಯ ಲೆಕ್ಕ ಒಂದು ನೆನಪಿಡಿ. ಕೇರಳದ ಶಾಲೆಗಳು ಮಾರ್ಚ್ ಕೊನೆಗೆ ಮುಚ್ಚಿ ಜೂನ್ ಮೊದಲಿಗೆ ತೆರೆಯುತ್ತವೆ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಏಪ್ರಿಲ್ 10ರ ಹೊತ್ತಿಗೆ ರಜೆ, ಮೇ ಕೊನೆಗೆ ಶಾಲೆ. ಹಾಗಾಗಿ ಮಂಗಳೂರು, ಪುತ್ತೂರು, ಸುಳ್ಯದ ಶಿಬಿರಗಳು ಏಪ್ರಿಲ್ ಎರಡನೇ ವಾರದ ಮುಂಚೆ ಶುರುವಾಗುವುದು ಕಡಿಮೆ. ನಮ್ಮ ಮಕ್ಕಳಿಗೆ ಮೊದಲ ಹತ್ತು ದಿನ ಖಾಲಿ. ಸಿಬಿಎಸ್‌ಇ ಶಾಲೆಯಾದರೆ ಅವರ ದಿನಾಂಕ ಬೇರೆಯೇ ಇರಬಹುದು, ಕೇಳಿಕೊಳ್ಳಿ.

ಇನ್ನೊಂದು, ನಡುವೆ ನಮ್ಮ ಹೊಸವರ್ಷದ ಹಬ್ಬ ಬಿಸು ಬರುತ್ತದೆ. ಏಪ್ರಿಲ್ 14, 15ಕ್ಕೆ ಶಿಬಿರಕ್ಕೆ ರಜೆ ಉಂಟಾ ಅಂತ ಮೊದಲೇ ಕೇಳಿ. ಒಂದು ವರ್ಷ ಮಗಳು ಬಿಸುವಿನ ದಿನ ಬೆಳಿಗ್ಗೆ ಕಣಿ ನೋಡಿದವಳೇ ಚೀಲ ಹೆಗಲಿಗೆ ಹಾಕಿ ಹೊರಟಿದ್ದಳು. ಅಲ್ಲಿ ಅವಳನ್ನು ಸೇರಿಸಿ ಇದ್ದದ್ದು ಮೂರೇ ಮಕ್ಕಳು.

ಎಷ್ಟು ವರ್ಷದ ಮಗುವನ್ನು ಕಳಿಸಬಹುದು?

ಹಗಲು ಶಿಬಿರಕ್ಕೆ ಆರು ಏಳು ವರ್ಷ ಸಾಕು. ಉಳಿದುಕೊಳ್ಳುವ ಶಿಬಿರಕ್ಕೆ ಹತ್ತಾದರೂ ಆಗಲಿ. ಇದು ನಿಯಮವಲ್ಲ, ಮಗಳನ್ನು ಒಂಬತ್ತಕ್ಕೆ ಕಳಿಸಿ ನಾನು ಪಟ್ಟ ಪಾಡು. ವರ್ಷಕ್ಕಿಂತ ಜಾಸ್ತಿ ಇದನ್ನು ನೋಡಿ: ನೆಂಟರ ಮನೆಯಲ್ಲಿ ಅಪ್ಪ ಅಮ್ಮ ಇಲ್ಲದೆ ಎರಡು ರಾತ್ರಿ ಮಲಗುತ್ತದಾ? ತಲೆಗೆ ತಾನೇ ಸ್ನಾನ ಮಾಡಿಕೊಳ್ಳುತ್ತದಾ? ಹೊಟ್ಟೆ ನೋವು ಬಂದರೆ ದೊಡ್ಡವರ ಹತ್ತಿರ ಹೋಗಿ ಹೇಳುತ್ತದಾ? ಮೂರನೆಯದಕ್ಕೆ ಉತ್ತರ "ಇಲ್ಲ" ಆದರೆ ಒಂದು ವರ್ಷ ಕಾಯಿರಿ.

ನಿಮ್ಮ ಆ ಕೆಟ್ಟ ಅನುಭವ ಎಂತದ್ದು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಹೆಸರು ಹೇಳುವುದಿಲ್ಲ. ಗಡಿಯ ಆಚೆ ಒಂದು ಕಡೆ, ಆರು ದಿನದ ಶಿಬಿರ, 2019ರ ಮೇ ತಿಂಗಳು. ಕರಪತ್ರ ನೋಡಿದರೆ ಯಾರಿಗೂ ಆಸೆಯಾಗುತ್ತಿತ್ತು. ರಂಗಭೂಮಿ, ಮಣ್ಣಿನ ಕೆಲಸ, ಚಾರಣ, ಬೆಳದಿಂಗಳ ಊಟ. ಫೀಸೂ ಸಣ್ಣದಲ್ಲ. ಬಿಡಲು ಹೋದ ದಿನ ನಾವು ನೋಡಿದ್ದು ಸ್ವಾಗತದ ತೋರಣ, ವೇದಿಕೆ, ಮಾವಿನಮರದ ನೆರಳು. ಹಿತ್ತಿಲಿಗೆ ಹೋಗಿ ನೋಡಬೇಕು ಅಂತ ತೋಚಲೇ ಇಲ್ಲ.

ಅರವತ್ತು ಮಕ್ಕಳಿಗೆ ಮೂರು ಕಕ್ಕಸು. ಮೇ ತಿಂಗಳು, ಬಾವಿಯ ನೀರು ತಳ ಕಂಡಿತ್ತು, ಪಂಪು ಹತ್ತು ನಿಮಿಷ ಓಡಿದರೆ ಗಾಳಿ ಎಳೆಯುತ್ತಿತ್ತಂತೆ. ಬೆಳಿಗ್ಗೆ ಸಾಲು ನಿಲ್ಲಬೇಕು, ಒಳಗೆ ಹೋದರೆ ಒಂದು ಬಕೆಟ್ ನೀರು, ಹೊರಗಿನಿಂದ ಬಾಗಿಲು ಬಡಿಯುವವರು. ಮಗಳು ಎರಡು ದಿನ ಹೋಗಲೇ ಇಲ್ಲ. ಹೋಗಬೇಕಾಗಬಾರದು ಅಂತ ನೀರು ಕುಡಿಯುವುದನ್ನೂ ನಿಲ್ಲಿಸಿದಳು. ಮೂರನೇ ದಿನ ರಾತ್ರಿ ಜ್ವರ, ಹೊಟ್ಟೆ ನೋವು. ನಮಗೆ ಫೋನ್ ಬಂದದ್ದು ಮರುದಿನ ಹತ್ತು ಗಂಟೆಗೆ. "ಸ್ವಲ್ಪ ಮನೆ ನೆನಪು, ಸರಿಯಾಗ್ತದೆ" ಅಂದರು. ನಾವು ಹೋಗಿ ಕರೆದುಕೊಂಡು ಬಂದೆವು. ಡಾಕ್ಟರು ಮೂತ್ರದ ಸೋಂಕು ಅಂದರು.

ಅಲ್ಲಿನವರು ಕೆಟ್ಟವರಲ್ಲ. ನಾಟಕ ಕಲಿಸಿದವರನ್ನು ಮಗಳು ಇವತ್ತಿಗೂ ಪ್ರೀತಿಯಿಂದ ನೆನೆಯುತ್ತಾಳೆ. ಆದರೆ ನಾಟಕಕ್ಕೆ ಮಾಡಿದ ಯೋಚನೆಯಲ್ಲಿ ಅರ್ಧವನ್ನೂ ಅವರು ನೀರಿಗೆ ಮಾಡಿರಲಿಲ್ಲ. ನಾನೂ ಕೇಳಿರಲಿಲ್ಲ.

ಹಾಗಾದರೆ ಹಣ ಕಟ್ಟುವ ಮುಂಚೆ ಎಂತ ಕೇಳಬೇಕು?

ಕರಪತ್ರದಲ್ಲಿ ಇಲ್ಲದ್ದನ್ನು ಕೇಳಿ. ಎಷ್ಟು ಮಕ್ಕಳು, ಎಷ್ಟು ಕಕ್ಕಸು. ಹೆಣ್ಣುಮಕ್ಕಳಿಗೆ ಬೇರೆ ಉಂಟಾ. ನೀರು ಬಾವಿಯದ್ದಾ, ಬೋರಿನದ್ದಾ, ಟ್ಯಾಂಕರಿನದ್ದಾ. ಕುಡಿಯುವ ನೀರು ಕುದಿಸುತ್ತಾರಾ. ರಾತ್ರಿ ಮಕ್ಕಳ ಜೊತೆ ಯಾರು ಮಲಗುತ್ತಾರೆ, ಅವರಲ್ಲಿ ಹೆಂಗಸರು ಎಷ್ಟು ಮಂದಿ. ಹತ್ತಿರದ ಆಸ್ಪತ್ರೆ ಎಷ್ಟು ದೂರ, ರಾತ್ರಿ ಹೋಗಲು ವಾಹನ ಉಂಟಾ. ಮಗುವಿಗೆ ಹುಷಾರಿಲ್ಲದಿದ್ದರೆ ಯಾವಾಗ ತಿಳಿಸುತ್ತಾರೆ. ಸುಮ್ನೆ ಫೋನಿನಲ್ಲಿ ಕೇಳಬೇಡಿ, ಒಂದು ಸಲ ಹೋಗಿ ನೋಡಿ. ಏಪ್ರಿಲ್ ಮೇಯಲ್ಲಿ ನಮ್ಮ ಮುರಕಲ್ಲಿನ ಗುಡ್ಡೆಗಳಲ್ಲಿ ನೀರಿನ ಕಥೆ ಗೊತ್ತೇ ಉಂಟಲ್ಲ, ಕೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ.

ಒಳ್ಳೆಯ ಶಿಬಿರದವರು ಇಂಥ ಪ್ರಶ್ನೆಗೆ ಬೇಸರ ಮಾಡುವುದಿಲ್ಲ. ಒಬ್ಬರು ನನ್ನನ್ನು ನೇರ ಅಡುಗೆಮನೆಗೇ ಕರೆದುಕೊಂಡು ಹೋಗಿ, ನೀರು ಕಾಯಿಸುವ ಹಂಡೆ ತೋರಿಸಿದರು. ಮಗನನ್ನು ಅಲ್ಲಿಗೇ ಸೇರಿಸಿದೆ.

ಸುರಕ್ಷತೆಯ ಬಗ್ಗೆ ಮಗುವಿಗೆ ಹೇಗೆ ಹೇಳುವುದು? ಹೆದರಿಸಿದಂತಾಗುವುದಿಲ್ಲವಾ?

ಹೇಳದಿರುವುದೇ ಅಪಾಯ. ನಾನು ಮೂರು ಮಾತು ಹೇಳುತ್ತೇನೆ. ಮೈಯ ಖಾಸಗಿ ಜಾಗವನ್ನು ಯಾರೂ ಮುಟ್ಟಬಾರದು, ಫೋಟೊ ತೆಗೆಯಬಾರದು. "ಅಮ್ಮನಿಗೆ ಹೇಳಬೇಡ" ಅಂತ ಯಾರಾದರೂ ಅಂದರೆ ಅದನ್ನು ಮೊದಲು ಅಮ್ಮನಿಗೇ ಹೇಳಬೇಕು. ಹೇಳಿದರೆ ನಾನು ಬೈಯುವುದಿಲ್ಲ. ಮೂರನೆಯದು ಮುಖ್ಯ. ಮಕ್ಕಳು ಮುಚ್ಚಿಡುವುದು ಹೆಚ್ಚಾಗಿ ನಮ್ಮ ಬೈಗುಳಕ್ಕೆ ಹೆದರಿ.

1098 ಮಕ್ಕಳ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಹಣ ಕೊಡಬೇಕಾಗಿಲ್ಲ. ಮಗುವಿಗೆ ಬಾಯಿಪಾಠ ಮಾಡಿಸಿ. ಲೈಂಗಿಕ ಕಿರುಕುಳದಿಂದ ಮಕ್ಕಳನ್ನು ಕಾಪಾಡುವ ಪೋಕ್ಸೋ ಕಾಯ್ದೆ 2012ರಿಂದ ಇದೆ. ಅದರ ಪ್ರಕಾರ, ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಶಿಬಿರದ ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಹಾಕುವ ಹಾಗಿಲ್ಲ.

ನೀರಿನದ್ದು ಇನ್ನೊಂದು ಭಯ. ಕೆರೆ, ಹೊಳೆ, ಸಮುದ್ರ. ರಜೆಯಲ್ಲಿ ಮಕ್ಕಳು ನೀರಿಗೆ ಬಿದ್ದ ಸುದ್ದಿ ಓದದ ವರ್ಷ ಇಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ "ಹೊಳೆಯಲ್ಲಿ ಆಟ" ಅಂತ ಇದ್ದರೆ, ಈಜು ಬಲ್ಲ ದೊಡ್ಡವರು ಎಷ್ಟು ಮಂದಿ ನೀರಲ್ಲಿ ಇಳಿದು ನಿಲ್ಲುತ್ತಾರೆ ಅಂತ ಕೇಳಿ. ದಡದಲ್ಲಿ ನಿಂತು ಸೀಟಿ ಊದುವವರು ಲೆಕ್ಕಕ್ಕಿಲ್ಲ. ಮೇ ತಿಂಗಳಾದರೆ ಸಂಜೆಯ ಗುಡುಗು ಸಿಡಿಲೂ ಉಂಟು. ಆ ಹೊತ್ತಿಗೆ ಗುಡ್ಡೆ ಹತ್ತಿಸುವ ಕಾರ್ಯಕ್ರಮ ಬೇಡ.

ಮಗ ಇಂಗ್ಲಿಷ್ ಮೀಡಿಯಂ. ಕನ್ನಡ ಓದಲು ಬರುವುದಿಲ್ಲ. ಕನ್ನಡ ಶಿಬಿರದಲ್ಲಿ ಒಂಟಿಯಾಗುವುದಿಲ್ಲವಾ?

ನನ್ನ ಮಗನೂ ಹಾಗೇ. ಮನೆಯಲ್ಲಿ ಹವ್ಯಕ ಮಾತು, ಪಕ್ಕದ ಮನೆಯವರ ಜೊತೆ ತುಳು, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷ್. ಏಳು ಭಾಷೆಯ ನಾಡು ಅಂತ ನಾವು ಭಾಷಣದಲ್ಲಿ ಹೇಳಿಕೊಳ್ಳುತ್ತೇವೆ. ಮಕ್ಕಳು ಅದನ್ನು ದಿನಾ ಮಾಡುತ್ತಾರೆ. ಇಷ್ಟರ ನಡುವೆ ಪುಸ್ತಕದ ಕನ್ನಡಕ್ಕೆ ಅವನ ದಿನದಲ್ಲಿ ಜಾಗವೇ ಇರಲಿಲ್ಲ.

ಹಾಗಾಗಿ ಶಿಬಿರದಿಂದ ನನಗೆ ಸಿಕ್ಕಿದ ದೊಡ್ಡ ಲಾಭ ಇದೇ. ಅವನಿಗೆ ಅಲ್ಲಿ ಯಾರೂ ಅಕ್ಷರ ಕಲಿಸಲಿಲ್ಲ. ಲಗೋರಿ ಆಡುವಾಗ ಜಗಳ ಬಂತು, ಜಗಳ ಕನ್ನಡದಲ್ಲಿ ಆಯಿತು. ಜಗಳ ಗೆಲ್ಲಬೇಕಾದರೆ ಮಾತು ಬೇಕಲ್ಲ? ಹತ್ತು ದಿನದಲ್ಲಿ ಅವನ ಬಾಯಿಗೆ ಬಂದ ಶಬ್ದಗಳು ಎರಡು ವರ್ಷ ನಾನು ಕೂರಿಸಿ ಕಲಿಸಿದ್ದಕ್ಕಿಂತ ಜಾಸ್ತಿ. ಅದರಲ್ಲಿ ನಾಲ್ಕೈದು ಬೈಗುಳವೂ ಸೇರಿದೆ, ಅದಿರಲಿ. ಮಳೆಗಾಲದಲ್ಲಿ ತಾನೇ ಬಂದು, ಶಿಬಿರದಲ್ಲಿ ಅರ್ಧ ಓದಿ ಹೇಳಿದ ಕಥೆಯ ಪುಸ್ತಕ ತರಿಸಿಕೊಡು ಅಂದ. ಕಥೆ ಎಂತಾಯಿತು ಅಂತ ಗೊತ್ತಾಗಬೇಕಿತ್ತು ಅವನಿಗೆ. ಈಗ ಬೆರಳಿಟ್ಟು ನಿಧಾನಕ್ಕೆ ಓದುತ್ತಾನೆ. ಒತ್ತಕ್ಷರ ಬಂದರೆ ಹಾರುತ್ತಾನೆ.

ಕರ್ನಾಟಕದ ಕಡೆ ಕಳಿಸಿದರೆ "ನೀನು ಮಲಯಾಳಿಯಾ" ಅಂತ ಕೇಳುತ್ತಾರಂತೆ?

ಕೇಳುತ್ತಾರೆ. ಮಗಳಿಗೂ ಕೇಳಿದರು. ಊರು ಕಾಸರಗೋಡು ಅಂದದ್ದಕ್ಕೆ "ಹಾಗಾದ್ರೆ ಕನ್ನಡ ಹೇಗೆ ಗೊತ್ತು?" ಅಂದರಂತೆ. ಅವಳು ಅಳಲಿಲ್ಲ, ಸಿಟ್ಟು ಮಾಡಿಕೊಂಡು ಬಂದಳು. ಗಡಿಯ ತಲಪಾಡಿ ದಾಟುವಾಗ ಬಸ್ಸಿನಲ್ಲಿ ನಾನು ಹೇಳಿದೆ: ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದದ್ದು, ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ರಾಜ್ಯಗಳನ್ನು ಭಾಷೆಯ ಮೇಲೆ ಮಾಡಿದಾಗ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಕನ್ನಡದ ದೊಡ್ಡ ಕವಿಗಳಾದ ಮಂಜೇಶ್ವರದ ಗೋವಿಂದ ಪೈಗಳೂ, ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳೂ ಇಲ್ಲಿಯವರೇ ಅಲ್ವಾ. ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಹಾಗಾದ್ರೆ ಅಜ್ಜಿ ಹುಟ್ಟಿದ್ದು ಮದ್ರಾಸಲ್ಲಾ?" ಅಂತ ಕೇಳಿದಳು. ಬಸ್ಸಿನಲ್ಲಿ ಹಿಂದೆ ಕೂತವರೂ ನಕ್ಕರು. ಅತ್ತೆಯನ್ನು ಈಗಲೂ ಮನೆಯಲ್ಲಿ ಮದ್ರಾಸಿನವರು ಅಂತ ತಮಾಷೆ ಮಾಡುತ್ತಾರೆ.

ಕಳಿಸುವ ಮುಂಚೆಯೇ ಈ ಕಥೆ ಹೇಳಿ ಕಳಿಸಿ. ಉತ್ತರ ಕೈಯಲ್ಲಿದ್ದರೆ ಮಗುವಿಗೆ ಧೈರ್ಯ.

ಮಲಯಾಳದಲ್ಲಿ ನಡೆಯುವ ಶಿಬಿರಕ್ಕೆ ಕಳಿಸಬಹುದಾ?

ಧಾರಾಳ. ಕೇರಳದ ಹಳ್ಳಿ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ ಬಾಲವೇದಿ ಅಂತ ಇರುತ್ತದೆ. ಅವರು ರಜೆಯಲ್ಲಿ ಎರಡು ಮೂರು ದಿನದ ಶಿಬಿರ ಮಾಡುವುದುಂಟು. ನನ್ನ ಮಕ್ಕಳು ಹೋದ ಕಡೆ ಫೀಸು ಹೆಸರಿಗೆ ಮಾತ್ರ, ಮಧ್ಯಾಹ್ನ ಗಂಜಿ, ಪಯರು ಅಂದರೆ ಬೇಯಿಸಿದ ಕಾಳು. ನಾನು ಚೆನ್ನಾಗಿದ್ದವು ಅಂದ ಎರಡರಲ್ಲಿ ಒಂದು ಇದು. ಪೇಟೆಯ ದೊಡ್ಡ ಶಿಬಿರ ಹುಡುಕುವ ಮುಂಚೆ ನಿಮ್ಮ ವಾರ್ಡಿನ ಗ್ರಂಥಾಲಯದಲ್ಲಿ ವಿಚಾರಿಸಿ. ಇಲ್ಲೇ ಬದುಕುವ ಮಕ್ಕಳು, ಇಲ್ಲಿಯ ಮಕ್ಕಳ ಗೆಳೆತನ ಬೇಡವಾ?

ಒಂದು ವಾರದಲ್ಲಿ ಯಕ್ಷಗಾನ ಕಲಿಯುತ್ತಾರಾ?

ಇಲ್ಲ. ಯಕ್ಷಗಾನದ ಕವಿ ಕುಂಬಳೆಯ ಪಾರ್ತಿಸುಬ್ಬನ ಊರಿನವರು ಇದನ್ನು ಕೇಳಬಾರದು, ಆದರೂ ಕೇಳುತ್ತಾರೆ. ತಾಳ ಕಿವಿಗೆ ಇಳಿಯಲೇ ತಿಂಗಳುಗಳು ಬೇಕು. ವಾರದಲ್ಲಿ ಆಗುವುದು ಇಷ್ಟು: ಚೆಂಡೆ ಕೇಳಿದರೆ ಕಾಲು ಕುಣಿಯುತ್ತದೆ, ಒಂದೆರಡು ಹೆಜ್ಜೆ ಬರುತ್ತದೆ, ಮನೆಯ ಜಗಲಿಯಲ್ಲಿ ದಿಗಿಣ (ಹಾರಿ ಸುತ್ತುವ ಕುಣಿತ) ಹಾಕಲು ಹೋಗಿ ಹೂಕುಂಡ ಒಡೆಯುತ್ತದೆ. ಆಸೆ ಉಳಿದರೆ ಜೂನ್ ನಂತರ ವಾರದ ತರಗತಿಗೆ ಸೇರಿಸಿ.

ಇಲ್ಲಿ ನನ್ನದೊಂದು ತಕರಾರು ಉಂಟು. ಹತ್ತು ದಿನದ ಶಿಬಿರದಲ್ಲಿ ಐದು ದಿನ ಸಮಾರೋಪದ ತಾಲೀಮಿಗೇ ಹೋಗುತ್ತದೆ. ಅಪ್ಪ ಅಮ್ಮಂದಿರು ಮೊಬೈಲ್ ಎತ್ತಿ ಹಿಡಿಯಬೇಕು, ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಬೇಕು, ವೇಷ ಕಟ್ಟಿದ ಮಕ್ಕಳು ಬೆವರಿ ಕೂತಿರಬೇಕು. ಒಂದು ಶಿಬಿರದವರು ಸಮಾರೋಪವನ್ನೇ ಮಾಡಲಿಲ್ಲ. ಕೊನೆಯ ದಿನ ಅಪ್ಪ ಅಮ್ಮಂದಿರನ್ನು ಕರೆದು ಮಕ್ಕಳ ಜೊತೆ ಕುಂಟೆಬಿಲ್ಲೆ ಆಡಿಸಿದರು. ನನ್ನ ಗಂಡ ಎರಡನೇ ಮನೆಯಲ್ಲೇ ಔಟ್.

ಹೊರಗೆ ಕರೆದುಕೊಂಡು ಹೋಗುವ ಕಡೆ ಯಾವುದು ಒಳ್ಳೆಯದು?

ಬೇಕಲ ಕೋಟೆಗೆ ಎಲ್ಲರೂ ಕರೆದುಕೊಂಡು ಹೋಗುತ್ತಾರೆ. ಮಟ ಮಧ್ಯಾಹ್ನ ಹೋದರೆ ನೆರಳಿಲ್ಲ, ಬೆಳಿಗ್ಗೆ ಹೋಗುವವರಾದರೆ ಸರಿ. 2023ರ ಏಪ್ರಿಲ್‌ನಲ್ಲಿ ಮಗನ ಶಿಬಿರದವರು ಅನಂತಪುರದ ಕೆರೆ ದೇವಸ್ಥಾನಕ್ಕೆ ಹೋಗಿದ್ದರು. ಅಲ್ಲಿಯ ಮೊಸಳೆ ಬಬಿಯಾ 2022ರ ಅಕ್ಟೋಬರದಲ್ಲೇ ತೀರಿಹೋಗಿತ್ತು. 2023ರ ನವೆಂಬರದಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಸರಿಯಾಗಿ ಮೊಸಳೆ ಇಲ್ಲದ ವರ್ಷವೇ ತನ್ನನ್ನು ಕರೆದುಕೊಂಡು ಹೋದರು ಅಂತ ಮಗನ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಸುರಂಗ ನೋಡಿದ್ದು. ಮುರಕಲ್ಲಿನ ಗುಡ್ಡೆಯೊಳಗೆ ಅಡ್ಡಕ್ಕೆ ತೋಡಿದ ಸುರಂಗ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ಒಳಗೆ ಜಿನುಗುವ ನೀರು ಪಂಪಿಲ್ಲದೆ ತಾನೇ ಹೊರಗೆ ಹರಿದು ಬರುತ್ತದೆ. ಸುರಂಗ ತೋಡುತ್ತಿದ್ದ ಹಿರಿಯರೊಬ್ಬರನ್ನು ಕರೆಸಿ ಮಾತಾಡಿಸಿದ್ದರು. ಕತ್ತಲೆಯಲ್ಲಿ ದಿಕ್ಕು ಹೇಗೆ ಹಿಡಿಯುತ್ತಿದ್ದಿರಿ ಅಂತ ಮಕ್ಕಳು ಅವರನ್ನು ಬಿಡಲೇ ಇಲ್ಲವಂತೆ. ಅಷ್ಟು ಹಳೆಯದಾದ ನೀರಿನ ಜಾಣತನ ನಮ್ಮ ಹಿತ್ತಿಲಲ್ಲೇ ಉಂಟು, ನಾವು ಮಕ್ಕಳನ್ನು ವಾಟರ್ ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗುತ್ತೇವೆ.

ಮೈಸೂರಿನ ಚಿಣ್ಣರ ಮೇಳಕ್ಕೆ ಕಳಿಸಬಹುದಾ?

ಅದು ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಮಕ್ಕಳ ಶಿಬಿರ. ಹೆಸರುವಾಸಿ, ಸುಮಾರು ಒಂದು ತಿಂಗಳು ನಡೆಯುತ್ತದೆ. ಆದರೆ ಅದು ಹಗಲು ಶಿಬಿರ, ಮೈಸೂರಿನಲ್ಲಿ ಉಳಿಯಲು ನೆಂಟರ ಮನೆ ಬೇಕು. ನಮಗೆ ಇಲ್ಲ, ಹಾಗಾಗಿ ಅನುಭವವೂ ಇಲ್ಲ.

ಫೀಸು ಎಷ್ಟಾಗುತ್ತದೆ?

ನಾನು ಕೊಟ್ಟದ್ದು 50 ರೂಪಾಯಿಯಿಂದ 6,500ರ ವರೆಗೆ. ಫೀಸಿಗೂ ಶಿಬಿರ ಚೆನ್ನಾಗಿರುವುದಕ್ಕೂ ಸಂಬಂಧ ಕಾಣಲಿಲ್ಲ. 6,500 ಕೊಟ್ಟದ್ದು ಯಾವುದಕ್ಕೆ ಅಂತ ನಿಮಗೆ ಗೊತ್ತಾಗಿರಬಹುದು. ಮಧ್ಯದಲ್ಲಿ ಬಿಟ್ಟರೆ ಹಣ ವಾಪಸ್ ಕೊಡುತ್ತಾರಾ ಅಂತ ಕೇಳಿ. ಟೀ ಶರ್ಟು, ಕಿಟ್ಟು, ಪ್ರವಾಸಕ್ಕೆ ಬೇರೆ ಹಣ ಅಂತ ಆಮೇಲೆ ಹೇಳುವವರೂ ಇದ್ದಾರೆ.

ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹಗಲು ಶಿಬಿರ ಉಪಯೋಗವಾ?

ಹೆಚ್ಚಿನವು ಹತ್ತಕ್ಕೆ ಶುರುವಾಗಿ ಒಂದಕ್ಕೆ ಮುಗಿಯುತ್ತವೆ. ಒಂದು ಗಂಟೆಗೆ ಯಾರ ಆಫೀಸು ಬಿಡುತ್ತದೆ ಹೇಳಿ? ನಾವು ನಾಲ್ಕು ಮನೆಯವರು ಸೇರಿ ಪರಿಚಯದ ಆಟೋ ಮಾಡಿದೆವು, ಮಧ್ಯಾಹ್ನದ ನಂತರ ಸರದಿಯಲ್ಲಿ ಒಬ್ಬೊಬ್ಬರ ಮನೆ. ಆ ಮಧ್ಯಾಹ್ನಗಳೇ ಶಿಬಿರಕ್ಕಿಂತ ಚೆನ್ನಾಗಿದ್ದವು ಅಂತ ಮಕ್ಕಳು ಹೇಳುತ್ತಾರೆ. ಒಂದೊಂದು ದಿನ ಮನೆ ನೋಡಿದರೆ ನನಗೆ ಹಾಗನಿಸಿಲ್ಲ.

ವೇದಗಣಿತ, ಅಬಾಕಸ್, ಮುಂದಿನ ತರಗತಿಯ ಪಾಠ ಇರುವ ಶಿಬಿರ ಹೇಗೆ?

ಅದು ಶಿಬಿರವಲ್ಲ, ಟ್ಯೂಷನ್. ರಜೆಯಲ್ಲಿ ತರಗತಿ ಬೇಡ ಅಂತ ಕೇರಳದ ಶಿಕ್ಷಣ ಇಲಾಖೆಯೇ ಶಾಲೆಗಳಿಗೆ ಹೇಳಿದೆ.

ಆರೋಗ್ಯ, ಊಟ?

ಬೇಸಿಗೆಯಲ್ಲಿ ನಮ್ಮ ಕಡೆ ಕಾಮಾಲೆ, ಕೆಪ್ಪಟೆ, ಸೀತಾಳೆ ಸಿಡುಬು ಓಡಾಡುತ್ತವೆ. ಕಾಮಾಲೆ ಹರಡುವುದು ನೀರು, ಊಟದಿಂದ. ಜೀರಿಗೆಯೋ ಪದಿಮೊಗವೋ (ನೀರಿಗೆ ಬಣ್ಣ ಕೊಡುವ ಮರದ ಚಕ್ಕೆ) ಹಾಕಿ ಕುದಿಸಿದ ನೀರು ಕೊಡುತ್ತಾರಾದರೆ ಅರ್ಧ ಚಿಂತೆ ಕಡಿಮೆ. ಬಿಸಿನೀರಿಗೆ ತಣ್ಣೀರು ಬೆರೆಸಿ ಕೊಡುವುದು ಉಪಯೋಗವಿಲ್ಲ. ದಾರಿಬದಿಯ ಐಸ್ ಹಾಕಿದ ಶರಬತ್ತು ಬೇಡ ಅಂತ ಹೇಳಿ ಕಳಿಸಿ. ಮಗುವಿಗೆ ಮೈಯಲ್ಲಿ ಗುಳ್ಳೆ ಇದ್ದರೆ, ಜ್ವರ ಇದ್ದರೆ ಫೀಸು ಕಟ್ಟಿದ್ದು ಹೋಗಲಿ, ಕಳಿಸಬೇಡಿ. ಉಬ್ಬಸ, ಅಪಸ್ಮಾರ, ಅಲರ್ಜಿ ಏನಿದ್ದರೂ ಕಾಗದದಲ್ಲಿ ಬರೆದು ಔಷಧಿಯ ಜೊತೆ ಕೊಡಿ, ಬಾಯಿಮಾತು ಸಾಲದು.

ಊಟದ ತಕರಾರು ಮೊದಲೆರಡು ದಿನ. ಮನೆಯಲ್ಲಿ ಹಲಸಿನ ಬೀಜದ ಸಾಂಬಾರು ಕಂಡರೆ ಎದ್ದು ಹೋಗುತ್ತಿದ್ದ ಮಗ ಅಲ್ಲಿ ಎರಡು ಸಲ ಹಾಕಿಸಿಕೊಂಡನಂತೆ. ಮನೆಗೆ ಬಂದು ಮತ್ತೆ ಎದ್ದು ಹೋದ.

ಮಗು ಫೋನಿನಲ್ಲಿ ಅತ್ತರೆ ಕರೆದುಕೊಂಡು ಬರಬೇಕಾ?

ಮೊದಲ ರಾತ್ರಿಯ ಅಳುವಿಗೆ ಓಡಬೇಡಿ. ಎಂತಕ್ಕೆ ಅಳು ಅಂತ ಕೇಳಿ. "ಅಮ್ಮ ಬೇಕು" ಅಂದರೆ ಮರುದಿನ ಸಂಜೆಯವರೆಗೆ ನೋಡಬಹುದು. ನೋವು, ಹೆದರಿಕೆ, ಒಬ್ಬರ ಹೆಸರು ಹೇಳಿ "ಅವರು ಬೇಡ" ಅಂದರೆ ಆ ರಾತ್ರಿಯೇ ಹೊರಡಿ. ಮಗು ಏನೂ ಹೇಳದೆ ಹೂಂ ಹೂಂ ಅಂತ ಮಾತ್ರ ಅಂದರೆ ಹತ್ತಿರ ಯಾರೋ ನಿಂತಿದ್ದಾರೆ ಅಂತ ಅರ್ಥ ಇರಬಹುದು. ನಾವು ಒಂದು ಗುಟ್ಟಿನ ಮಾತು ಇಟ್ಟುಕೊಂಡಿದ್ದೇವೆ. "ದನ ಕರು ಹಾಕಿತಾ?" ಅಂತ ಕೇಳಿದರೆ ಬಂದು ಕರೆದುಕೊಂಡು ಹೋಗು ಅಂತ. ಒಂದು ಸಲ ಮಗ ಹಾಗೆ ಕೇಳಿದ, ಇವರು ಗಾಬರಿಯಲ್ಲಿ ಸ್ಕೂಟರ್ ತೆಗೆದರು. ಕೊಟ್ಟಿಗೆಯಲ್ಲಿ ದನ ನಿಜವಾಗಿಯೂ ಗಬ್ಬ ಇತ್ತು, ಅವನು ಕೇಳಿದ್ದು ಅದನ್ನೇ.

ಚೀಲಕ್ಕೆ ಏನೇನು ಹಾಕಬೇಕು?

ಹಳೆಯ ಹತ್ತಿ ಬಟ್ಟೆ, ಚಾದರ, ಬೈರಾಸು (ಟವೆಲ್) ಎರಡು, ಟಾರ್ಚು, ನುಸಿಗೆ ಹಚ್ಚುವ ಕ್ರೀಮು, ಮೇ ಆದರೆ ಕೊಡೆ. ಹೊಸ ಬಟ್ಟೆ ಬೇಡ, ಗೇರುಹಣ್ಣಿನ ಕಲೆ ಹೋಗುವುದಿಲ್ಲ. ಎಲ್ಲದರ ಮೇಲೂ ಹೆಸರು ಬರೆಯಿರಿ. ಆದರೂ ನೀರಿನ ಬಾಟಲಿ ವಾಪಸ್ ಬರುವುದಿಲ್ಲ. ಬಂದರೆ ಅದು ನಿಮ್ಮದಾಗಿರುವುದಿಲ್ಲ. ನಮ್ಮ ಮನೆಯಲ್ಲಿ ಈಗಲೂ ಯಾರದ್ದೋ ನೀಲಿ ಗೆರೆಯ ಬೈರಾಸು ಒಂದುಂಟು, ಮೂಲೆಯಲ್ಲಿ ಕೆಂಪು ನೂಲಿನಿಂದ ಮೀನಿನ ಹಾಗೆ ಏನೋ ಹೊಲಿದಿದ್ದಾರೆ. ನಿಮ್ಮದಾದರೆ ಹೇಳಿ, ತೊಳೆದಿಟ್ಟಿದ್ದೇನೆ.